ಹಳೇ ಟಿವಿಗೆ ಕಂಪ್ಯೂಟರ್ ಜೋಡಿಸುವುದು: ಪಿನ್ ಕೂತರೆ ಸಾಲದು, ಸಿಗ್ನಲ್ ಹೊಂದಬೇಕು

ಪಿಕ್ಚರ್ ಟ್ಯೂಬ್ ಇರುವ ದಪ್ಪ ಟಿವಿ ಇನ್ನೂ ಚೆನ್ನಾಗಿ ಓಡುತ್ತಿದ್ದರೆ ಅದನ್ನು ಗುಜರಿಗೆ ಹಾಕಬೇಕಿಲ್ಲ. ಪಕ್ಕದಲ್ಲಿ ಒಂದು ಚಿಕ್ಕ ಕಂಪ್ಯೂಟರ್ ಇಡಿ. ಅದರಲ್ಲಿ ಸಿನಿಮಾ, ಹಾಡು, ಯಕ್ಷಗಾನದ ರೆಕಾರ್ಡಿಂಗ್, ಮನೆಯ ಫೋಟೋ ಎಲ್ಲ ತುಂಬಿಸಿ. ಅದೇ ಟಿವಿಯಲ್ಲಿ ಕೂತು ನೋಡಬಹುದು. ಊರಿನ ಮನೆಯಲ್ಲಿ ಅಜ್ಜ ಅಜ್ಜಿಗೆ ಆ ಟಿವಿ ಕೈಗೆ ಒಗ್ಗಿರುತ್ತದೆ. ಅದನ್ನು ಉಳಿಸಿಕೊಡುವುದು ಒಳ್ಳೆಯ ಕೆಲಸ ಎಂದೇ ನನ್ನ ನಂಬಿಕೆ.

ಈ ಕೆಲಸ ಕಷ್ಟವಲ್ಲ. ಆದರೆ ತುಂಬ ಜನ ಮೊದಲು ಅಂಗಡಿಗೆ ಹೋಗಿ ಯಾವುದೋ ಒಂದು ವೈರ್ ತಂದು, ಆಮೇಲೆ ಟಿವಿಯ ಹಿಂಭಾಗ ನೋಡುತ್ತಾರೆ. ವೈರ್ ತೂತಿಗೆ ಸರಿಯಾಗಿ ಕೂರುತ್ತದೆ, ಚಿತ್ರ ಮಾತ್ರ ಬರುವುದಿಲ್ಲ. ಒಂದೇ ಥರದ ಪಿನ್‌ನಲ್ಲಿ ಬೇರೆ ಬೇರೆ ಥರದ ಸಿಗ್ನಲ್ ಹೋಗುತ್ತದೆ ಅನ್ನುವುದು ಗೊತ್ತಿದ್ದರೆ ಅರ್ಧ ತೊಂದರೆ ಮೊದಲೇ ತಪ್ಪುತ್ತದೆ.

ಮೊದಲು ಟಿವಿಯ ಹಿಂಭಾಗ ನೋಡಿ

ಟಿವಿ ಆಫ್ ಮಾಡಿ, ಪ್ಲಗ್ ಕಿತ್ತು, ತಿರುಗಿಸಿ. ಒಂದು ಫೋಟೋ ತೆಗೆದುಕೊಳ್ಳಿ. ಅಂಗಡಿಯಲ್ಲಿ ಆ ಫೋಟೋ ತುಂಬ ಉಪಯೋಗಕ್ಕೆ ಬರುತ್ತದೆ.

ಹಳದಿ, ಬಿಳಿ, ಕೆಂಪು ಮೂರು ತೂತು ಇದ್ದರೆ ಅದು ಎವಿ. ಹಳದಿಯಲ್ಲಿ ಚಿತ್ರ, ಬಿಳಿಯಲ್ಲಿ ಎಡಗಡೆಯ ಧ್ವನಿ, ಕೆಂಪಿನಲ್ಲಿ ಬಲಗಡೆಯ ಧ್ವನಿ. ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಇರುವುದು ಇದೇ. ಕೆಲವು ಟಿವಿಗಳಲ್ಲಿ ಹಳದಿ, ಬಿಳಿ ಎರಡೇ ಇರುತ್ತವೆ. ಅಂದರೆ ಆ ಟಿವಿಗೆ ಒಂದೇ ಸ್ಪೀಕರಿನ ಧ್ವನಿ, ಮೋನೋ. ತೂತಿನ ಪಕ್ಕ 'ಇನ್' ಅಂತಿದೆಯೋ 'ಔಟ್' ಅಂತಿದೆಯೋ ಓದಿ. ಎಷ್ಟೋ ಟಿವಿಗಳ ಹಿಂದೆ ಎರಡೂ ಇರುತ್ತವೆ, ಬಣ್ಣವೂ ಒಂದೇ. ನಮಗೆ ಬೇಕಾಗಿರುವುದು ಇನ್. ಹಿಂದಿನ ಇನ್‌ಗೆ ಈಗಾಗಲೇ ಸೆಟ್‌ಟಾಪ್ ಬಾಕ್ಸ್ ಸೇರಿಸಿದ್ದರೆ ಟಿವಿಯ ಮುಂಭಾಗದಲ್ಲೋ ಪಕ್ಕದಲ್ಲೋ ಚಿಕ್ಕ ಮುಚ್ಚಳದ ಒಳಗೆ ಇನ್ನೊಂದು ಎವಿ ಇದೆಯಾ ನೋಡಿ. ಅಲ್ಲೂ ಇಲ್ಲದಿದ್ದರೆ ಗುಂಡಿ ಒತ್ತಿ ಬದಲಾಯಿಸುವ ಎವಿ ಸೆಲೆಕ್ಟರ್ ಡಬ್ಬಿ ಸಿಗುತ್ತದೆ.

ಹಸಿರು, ನೀಲಿ, ಕೆಂಪು ತೂತು ಇದ್ದರೆ ಅದು ಕಾಂಪೊನೆಂಟ್. ಇದು ಚಿತ್ರಕ್ಕೆ ಮಾತ್ರ, ಧ್ವನಿಗೆ ಪಕ್ಕದಲ್ಲಿ ಬೇರೆ ಕೆಂಪು, ಬಿಳಿ ಇರುತ್ತವೆ. ಎವಿಗಿಂತ ಇದರಲ್ಲಿ ಚಿತ್ರ ಎಷ್ಟೋ ಸ್ಪಷ್ಟ. ಚಿಕ್ಕ ನಾಲ್ಕು ಪಿನ್ನಿನ ದುಂಡು ತೂತು ಇದ್ದರೆ ಎಸ್-ವಿಡಿಯೋ. ಅದೂ ಹಳದಿಗಿಂತ ವಾಸಿ. ಯಾಕೆಂದರೆ ಬೆಳಕಿನ ಭಾಗ, ಬಣ್ಣದ ಭಾಗ ಅದರಲ್ಲಿ ಬೇರೆ ಬೇರೆ ತಂತಿಯಲ್ಲಿ ಬರುತ್ತವೆ. ಯುರೋಪಿನಿಂದ ತಂದ ಟಿವಿಯಾದರೆ ಅಗಲವಾದ ಸ್ಕಾರ್ಟ್ ಸಾಕೆಟ್ ಇರಬಹುದು. ಅದಕ್ಕೆ ಎವಿ ಪಿನ್ ಸೇರಿಸುವ ಅಡಾಪ್ಟರ್ ಇದೆ, ಇನ್-ಔಟ್ ಸ್ವಿಚ್ ಇರುವಂಥದ್ದನ್ನೇ ಕೊಳ್ಳಿ.

ಆಂಟೆನಾ ತೂತು ಒಂದೇ ಇದ್ದರೆ? ಅದಕ್ಕೂ ದಾರಿ ಇದೆ, ಮುಂದೆ ಹೇಳುತ್ತೇನೆ.

ಮೊದಮೊದಲ ಎಲ್‌ಸಿಡಿ ಟಿವಿಯಾದರೆ ನಿಮ್ಮ ಕೆಲಸ ಸುಲಭ. ಅದರಲ್ಲಿ ಸಾಮಾನ್ಯವಾಗಿ 'ಪಿಸಿ' ಅಂತ ಬರೆದ ವಿಜಿಎ ಸಾಕೆಟ್ ಇರುತ್ತದೆ. ಅದನ್ನು ಬಿಟ್ಟು ಹಳದಿ ಪಿನ್‌ಗೆ ಹೋಗಬೇಡಿ. ಡಿವಿಐ ಸಾಕೆಟ್ ಇದ್ದರೂ ಕಂಪ್ಯೂಟರಿನ ಎಚ್‌ಡಿಎಂಐ ಸಾಕೆಟ್ಟಿನಿಂದ ಡಿವಿಐಗೆ ಹೋಗುವ ಸಾದಾ ಕೇಬಲ್ ಸಾಕು. ಎರಡರಲ್ಲೂ ಧ್ವನಿಗೆ ಬೇರೆ ವೈರ್ ಹಾಕಬೇಕು.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಪಿಕ್ಚರ್ ಟ್ಯೂಬ್ ಟಿವಿಯ ಹಿಂಬದಿಯ ಮುಚ್ಚಳ ಬಿಚ್ಚಲೇಬೇಡಿ. ಕಲರ್ ಟ್ಯೂಬಿಗೆ 20 ಸಾವಿರ ವೋಲ್ಟಿಗೂ ಹೆಚ್ಚು ಒತ್ತಡ ಹೋಗುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಟ್ಯೂಬಿನಲ್ಲಿ ಉಳಿದಿರಬಹುದು. ಎವಿ ಇಲ್ಲದ ತೀರ ಹಳೇ ಟಿವಿಗೆ ತೂತು ಕೊರೆದು ಎವಿ ಸಾಕೆಟ್ ಹಾಕಿಕೊಡುತ್ತೇನೆ ಅಂತ ಯಾರಾದರೂ ಹೇಳಿದರೂ ಒಪ್ಪಬೇಡಿ. ಅಂಥ ಕೆಲವು ಟಿವಿಗಳಲ್ಲಿ ಒಳಗಿನ ಚಾಸಿಸ್ಸೇ ನೇರವಾಗಿ ಕರೆಂಟಿಗೆ ಸೇರಿರುತ್ತದೆ. ಅದಕ್ಕೆ ಎವಿ ಪಿನ್ ಸೇರಿಸಿದರೆ ಕಂಪ್ಯೂಟರಿಗೂ ಕರೆಂಟು, ಮುಟ್ಟಿದವರಿಗೂ ಕರೆಂಟು.

ಕಂಪ್ಯೂಟರಿನ ಕಡೆ ಏನಿದೆ?

ಈಗಿನ ಮಿನಿ ಪಿಸಿ, ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಇರುತ್ತದೆ. 2003ರಿಂದ 2008ರ ಸುಮಾರಿನ ಲ್ಯಾಪ್‌ಟಾಪ್ ಮನೆಯಲ್ಲಿ ಬಿದ್ದಿದ್ದರೆ ಅದರ ಪಕ್ಕ ಸರಿಯಾಗಿ ನೋಡಿ. ಎಸ್-ವಿಡಿಯೋ ತೂತು ಇರುವ ಸಾಧ್ಯತೆ ಜಾಸ್ತಿ. ಟಿವಿಯಲ್ಲೂ ಎಸ್-ವಿಡಿಯೋ ಇದ್ದರೆ ಕನ್ವರ್ಟರೇ ಬೇಡ, ನೇರ ಟಿವಿಗೆ ಹಾಕಬಹುದು. ಧ್ವನಿಗೆ ಮಾತ್ರ ಬೇರೆ ವೈರ್ ಹಾಕಬೇಕು.

ರಾಸ್ಪ್‌ಬೆರಿ ಪೈ ಅನ್ನುವ ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್ ಈ ಕೆಲಸಕ್ಕೆ ಚೆನ್ನಾಗಿದೆ, ಆದರೆ ಯಾವ ಮಾಡೆಲ್ ಅನ್ನುವುದು ಮುಖ್ಯ. 2012ರ ಮೊದಲ ಪೈನಲ್ಲಿ ಹಳದಿ ತೂತೇ ಇತ್ತು. 2014ರ ಬಿ ಪ್ಲಸ್‌ನಿಂದ ಅದು ಹೆಡ್‌ಫೋನ್ ತೂತಿನ ಒಳಗೆ ಸೇರಿತು. ಒಂದು ಕಡೆ 3.5 ಮಿ.ಮೀ. ಪಿನ್, ಇನ್ನೊಂದು ಕಡೆ ಮೂರು ಬಣ್ಣದ ಪಿನ್ ಇರುವ ವೈರ್ ಅದಕ್ಕೆ ಬೇಕು. ಪೈ 4ರಲ್ಲಿ ಎವಿ ಔಟ್ ಇದೆ, ಸೆಟಿಂಗ್ಸ್‌ನಲ್ಲಿ ಆನ್ ಮಾಡಬೇಕು. ಪೈ 5ರಲ್ಲಿ ಹೆಡ್‌ಫೋನ್ ತೂತೇ ಇಲ್ಲ, ಬೋರ್ಡಿಗೆ ಬೆಸುಗೆ ಹಾಕಬೇಕಾಗುತ್ತದೆ. ಬೆಸುಗೆ ಗೊತ್ತಿಲ್ಲದವರು ಅದಕ್ಕೆ ಕನ್ವರ್ಟರ್ ಬಳಸುವುದೇ ಒಳ್ಳೆಯದು.

ಆ ಮೂರು ಬಣ್ಣದ ವೈರಿನಲ್ಲೂ ಒಂದು ಗೊಂದಲ ಇದೆ. ಪೈಗೆ ತುದಿಯಲ್ಲಿ ಎಡ ಧ್ವನಿ, ಮೊದಲ ಉಂಗುರದಲ್ಲಿ ಬಲ ಧ್ವನಿ, ಎರಡನೇ ಉಂಗುರದಲ್ಲಿ ಗ್ರೌಂಡ್, ಬುಡದಲ್ಲಿ ಚಿತ್ರ ಇರಬೇಕು. ಹಳೇ ಹ್ಯಾಂಡಿಕ್ಯಾಮ್, ಸೆಟ್‌ಟಾಪ್ ಬಾಕ್ಸ್ ಜೊತೆ ಬಂದ ವೈರುಗಳಲ್ಲಿ ಈ ಕ್ರಮ ಬೇರೆ ಇರಬಹುದು. ಚಿತ್ರ ಬರದೆ ಬರೀ ಗುಂಯ್ ಅಂತ ಶಬ್ದ ಬಂದರೆ ಟಿವಿಯ ಹಳದಿ ತೂತಿಗೆ ಕೆಂಪು ಪಿನ್, ಆಮೇಲೆ ಬಿಳಿ ಪಿನ್ ಹಾಕಿ ನೋಡಿ. ಗ್ರೌಂಡ್ ಸರಿ ಇದ್ದರೆ ಮೂರರಲ್ಲಿ ಒಂದರಲ್ಲಿ ಚಿತ್ರ ಬಂದೇ ಬರುತ್ತದೆ. ಯಾವುದರಲ್ಲೂ ಬರದಿದ್ದರೆ ಗ್ರೌಂಡೇ ಬೇರೆ ಕಡೆ ಇದೆ ಅಂತ ಅರ್ಥ, ವೈರ್ ಬದಲಾಯಿಸಿ.

ಕನ್ವರ್ಟರ್ ಕೊಳ್ಳುವಾಗ

ಹೆಚ್ಚಿನವರಿಗೆ ಬೇಕಾಗುವುದು 'ಎಚ್‌ಡಿಎಂಐ ಟು ಎವಿ' ಕನ್ವರ್ಟರ್. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿಗುತ್ತದೆ, ಆನ್‌ಲೈನಿನಲ್ಲೂ ಸಿಗುತ್ತದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ. ಒಂದು ಕಡೆ ಎಚ್‌ಡಿಎಂಐ, ಇನ್ನೊಂದು ಕಡೆ ಮೂರು ಬಣ್ಣದ ತೂತು.

ಇದೇ ಅಳತೆಯ, ಇದೇ ಬಣ್ಣದ, ಇದೇ ತೂತುಗಳಿರುವ ಇನ್ನೊಂದು ಡಬ್ಬಿ ಪಕ್ಕದಲ್ಲೇ ಇರುತ್ತದೆ. ಅದು 'ಎವಿ ಟು ಎಚ್‌ಡಿಎಂಐ', ಪೂರ್ತಿ ಉಲ್ಟಾ ಕೆಲಸ ಮಾಡುವಂಥದ್ದು. ಹಳೇ ವಿಸಿಆರ್ (ವಿಡಿಯೋ ಕ್ಯಾಸೆಟ್ ಯಂತ್ರ) ಅನ್ನು ಹೊಸ ಟಿವಿಗೆ ಹಾಕಲು ಅದು. ಎರಡೂ ಕಡೆ ಕೆಲಸ ಮಾಡುವ ಡಬ್ಬಿ ಇದಲ್ಲ. ಡಬ್ಬಿಯ ಮೇಲೆ ಎಚ್‌ಡಿಎಂಐ ಪಕ್ಕ 'ಇನ್‌ಪುಟ್' ಅಂತ ಬರೆದಿದೆಯಾ ನೋಡಿ ತೆಗೆದುಕೊಳ್ಳಿ.

ಒಂದು ತುದಿಯಲ್ಲಿ ಎಚ್‌ಡಿಎಂಐ, ಇನ್ನೊಂದು ತುದಿಯಲ್ಲಿ ಮೂರು ಬಣ್ಣದ ಪಿನ್, ನಡುವೆ ಬರೀ ವೈರ್ ಇರುವ ಕೇಬಲ್ ಕೂಡ ಮಾರುತ್ತಾರೆ. ಬೆಲೆ ಕಮ್ಮಿ. ನಮ್ಮ ಕೆಲಸಕ್ಕೆ ಅದು ಬರುವುದಿಲ್ಲ. ಎಚ್‌ಡಿಎಂಐ ಡಿಜಿಟಲ್, ಹಳದಿ ಪಿನ್ ಅನಲಾಗ್. ನಡುವೆ ಚಿಪ್ ಕೂತು ಬದಲಾಯಿಸಬೇಕು, ಆ ಚಿಪ್ಪಿಗೆ ಕರೆಂಟು ಬೇಕು. ಹಾಗಾಗಿ ಯುಎಸ್‌ಬಿಯಿಂದ 5 ವೋಲ್ಟ್ ತೆಗೆದುಕೊಳ್ಳುವ ತೂತು ಇರುವ ಕನ್ವರ್ಟರನ್ನೇ ಆರಿಸಿ. ಕಂಪ್ಯೂಟರಿನ ಯುಎಸ್‌ಬಿಗೆ ಹಾಕಿದಾಗ ಚಿತ್ರ ಬಿಟ್ಟು ಬಿಟ್ಟು ಬಂದರೆ ಮೊಬೈಲ್ ಚಾರ್ಜರಿಗೆ ಹಾಕಿ. ಇನ್ನೊಂದು ವಿಷಯ, 'ಪಾಲ್-ಎನ್‌ಟಿಎಸ್‌ಸಿ' ಅನ್ನುವ ಚಿಕ್ಕ ಸ್ವಿಚ್ ಕನ್ವರ್ಟರಿನ ಮೇಲೆ ಇರಲೇಬೇಕು. ಇವು ಟಿವಿ ಸಿಗ್ನಲ್ಲಿನ ಎರಡು ಪದ್ಧತಿಗಳು, ಮುಂದೆ ಹೇಳುತ್ತೇನೆ.

ಜೋಡಿಸುವ ಕ್ರಮ

1. ಕಂಪ್ಯೂಟರನ್ನು ಮೊದಲು ಮಾಮೂಲಿ ಮಾನಿಟರಿಗೆ ಹಾಕಿ ಪೂರ್ತಿ ಸಿದ್ಧ ಮಾಡಿಕೊಳ್ಳಿ. ಹಳೇ ಟಿವಿಯಲ್ಲಿ ಚಿಕ್ಕ ಅಕ್ಷರ ಓದಲು ಆಗುವುದಿಲ್ಲ. ವಿಂಡೋಸ್ ಕೂಡ, ಬ್ರೌಸರ್ ಕೂಡ ಅದರಲ್ಲಿ ಕಣ್ಣಿಗೆ ಹಿಂಸೆ. ಆದ್ದರಿಂದ ಸಿನಿಮಾ, ಹಾಡು ನಡೆಸುವ, ದೊಡ್ಡ ದೊಡ್ಡ ಮೆನು ಇರುವ ಕೋಡಿ (Kodi) ಅನ್ನುವ ಸಾಫ್ಟ್‌ವೇರ್ ಹಾಕಿ, ಕಂಪ್ಯೂಟರ್ ಆನ್ ಆದ ಕೂಡಲೇ ಅದೇ ತೆರೆಯುವಂತೆ ಮಾಡಿ. ಕೋಡಿ ಉಚಿತ.

2. ಎಲ್ಲದರ ಪ್ಲಗ್ ಕಿತ್ತು, ಕಂಪ್ಯೂಟರಿನಿಂದ ಕನ್ವರ್ಟರಿಗೆ, ಕನ್ವರ್ಟರಿನಿಂದ ಟಿವಿಯ ಎವಿ ಇನ್‌ಗೆ ವೈರ್ ಹಾಕಿ.

3. ಸ್ವಿಚ್ಚನ್ನು ಪಾಲ್ ಕಡೆ ಇಡಿ.

4. ಮೊದಲು ಟಿವಿ, ಆಮೇಲೆ ಕನ್ವರ್ಟರ್, ಕೊನೆಗೆ ಕಂಪ್ಯೂಟರ್ ಆನ್ ಮಾಡಿ.

5. ಟಿವಿ ರಿಮೋಟಿನಲ್ಲಿ 'ಎವಿ' ಅಥವಾ 'ಟಿವಿ-ವಿಡಿಯೋ' ಗುಂಡಿ ಒತ್ತಿ. ರಿಮೋಟ್ ಕಳೆದುಹೋಗಿದ್ದರೆ ಟಿವಿಯ ಮೇಲಿನ ಚಾನೆಲ್ ಗುಂಡಿ ಒತ್ತುತ್ತಾ 0ಗೆ ಅಥವಾ 1ರ ಕೆಳಗೆ ಹೋಗಿ, ಕೆಲವು ಟಿವಿಗಳಲ್ಲಿ ಎವಿ ಅಲ್ಲೇ ಇರುತ್ತದೆ.

ಲ್ಯಾಪ್‌ಟಾಪ್ ಆದರೆ ವಿಂಡೋಸ್ ಕೀ ಜೊತೆ ಪಿ ಒತ್ತಿ 'ಡೂಪ್ಲಿಕೇಟ್' ಆರಿಸಿ.

ಪಾಲ್ ಯಾಕೆ ಅಷ್ಟು ಮುಖ್ಯ?

1982ರಲ್ಲಿ ಏಷ್ಯನ್ ಗೇಮ್ಸ್ ವರ್ಷ ನಮ್ಮಲ್ಲಿ ಕಲರ್ ಟಿವಿ ಬಂದಾಗ ಭಾರತ ಆರಿಸಿಕೊಂಡದ್ದು ಪಾಲ್. ಒಂದು ಚಿತ್ರಕ್ಕೆ 625 ಗೆರೆ, ಅದರಲ್ಲಿ ಕಾಣುವುದು 576. ಸೆಕೆಂಡಿಗೆ 25 ಚಿತ್ರ, ಪ್ರತಿಯೊಂದನ್ನೂ ಎರಡು ಅರ್ಧ ಮಾಡಿ 50 ಸಲ ತೋರಿಸುತ್ತದೆ. ಅಮೆರಿಕದ ಎನ್‌ಟಿಎಸ್‌ಸಿಯಲ್ಲಿ 525 ಗೆರೆ, ಸೆಕೆಂಡಿಗೆ ಸುಮಾರು 30 ಚಿತ್ರ. ಪಾಲ್ ಮಾತ್ರ ಗೊತ್ತಿರುವ ಟಿವಿಗೆ ಎನ್‌ಟಿಎಸ್‌ಸಿ ಕೊಟ್ಟರೆ ಬಣ್ಣ ಹೋಗಿ ಕಪ್ಪು-ಬಿಳುಪಾಗುತ್ತದೆ, ಇಲ್ಲವೇ ಚಿತ್ರ ಮೇಲೆ ಕೆಳಗೆ ಉರುಳುತ್ತದೆ. ಟಿವಿ ಕೆಟ್ಟಿದೆ ಅಂತ ಮೆಕ್ಯಾನಿಕ್ಕನ್ನು ಕರೆಯುವ ಮೊದಲು ಆ ಚಿಕ್ಕ ಸ್ವಿಚ್ ನೋಡಿ.

ಕಂಪ್ಯೂಟರಿನ ಕಡೆಯೂ ಇದನ್ನು ಹೊಂದಿಸಿದರೆ ಚಿತ್ರ ಸರಾಗ ಓಡುತ್ತದೆ. ಕಂಪ್ಯೂಟರ್ ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ ಕಳಿಸುತ್ತದೆ. ಟಿವಿಗೆ ಬೇಕಾಗಿರುವುದು 50. ನಡುವಿನ ಕನ್ವರ್ಟರ್ ಕೆಲವು ಚಿತ್ರ ಬಿಡಬೇಕಾಗುತ್ತದೆ, ಕ್ಯಾಮೆರಾ ಪಕ್ಕಕ್ಕೆ ತಿರುಗುವಾಗ ತಡವರಿಸಿದಂತೆ ಕಾಣುತ್ತದೆ. ಡಿಸ್‌ಪ್ಲೇ ಸೆಟಿಂಗ್ಸ್‌ಗೆ ಹೋಗಿ ರಿಫ್ರೆಶ್ ರೇಟ್ 50 ಮಾಡಿ. ಈ ಒಂದು ಬದಲಾವಣೆಗೆ ಸಿಗುವ ಫಲ ದೊಡ್ಡದು, ಆದರೂ ಇದನ್ನು ಮಾಡುವವರು ಕಮ್ಮಿ.

ಮುಖ ಉದ್ದ ಕಾಣುತ್ತಿದೆಯೇ? ಅಂಚು ಕತ್ತರಿಸಿದೆಯೇ?

ಹಳೇ ಟಿವಿಯ ಪರದೆ 4:3. ಈಗಿನ ವಿಡಿಯೋ 16:9. ಕಮ್ಮಿ ಬೆಲೆಯ ಹೆಚ್ಚಿನ ಕನ್ವರ್ಟರುಗಳು ಅಗಲದ ಚಿತ್ರವನ್ನು ಹಿಂಡಿ ಪೂರ್ತಿ ಪರದೆಗೆ ತುಂಬಿಬಿಡುತ್ತವೆ. ಎಲ್ಲರ ಮುಖವೂ ಉದ್ದ, ತೆಳ್ಳಗೆ. ಇದಕ್ಕೆ ಮದ್ದು ಕಂಪ್ಯೂಟರಿನಲ್ಲೇ ಇದೆ. ರೆಸಲ್ಯೂಷನ್ ಅನ್ನು 4:3ರ ಅಳತೆಗೆ, ಅಂದರೆ 1024x768 ಅಥವಾ 800x600ಕ್ಕೆ ಇಳಿಸಿ. ಆಗ ಹಿಂಡಲು ಏನೂ ಇರುವುದಿಲ್ಲ. ಸಿನಿಮಾಕ್ಕೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ, ಅದು ಸರಿಯಾದದ್ದೇ. ಕನ್ವರ್ಟರ್ ಈ ಅಳತೆ ಒಪ್ಪದಿದ್ದರೆ ಕೋಡಿಯಲ್ಲಿ ಸೆಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಲ್ಲಿಂದ ವಿಡಿಯೋ ಕ್ಯಾಲಿಬ್ರೇಷನ್‌ಗೆ ಹೋಗಿ. ಅಲ್ಲಿ ಒಂದು ಚೌಕ ಬರುತ್ತದೆ. ಟಿವಿಯ ಮೇಲೆ ಸ್ಕೇಲ್ ಇಟ್ಟು ಅಳೆದು, ನಾಲ್ಕೂ ಬದಿ ಸಮ ಆಗುವವರೆಗೆ ಹೊಂದಿಸಿ.

ಅದೇ ಜಾಗದಲ್ಲಿ ಅಂಚಿನ ತೊಂದರೆಯನ್ನೂ ಸರಿ ಮಾಡಬಹುದು. ಪಿಕ್ಚರ್ ಟ್ಯೂಬ್ ಟಿವಿಗಳು ಚಿತ್ರದ ಅಂಚನ್ನು ಬೇಕೆಂದೇ ಚೌಕಟ್ಟಿನ ಹಿಂದೆ ಮರೆಮಾಡುತ್ತವೆ. ಟಿವಿ ಕಾರ್ಯಕ್ರಮ ಮಾಡುವವರಿಗೆ ಇದು ಗೊತ್ತಿತ್ತು, ಅಕ್ಷರವನ್ನು ಅಂಚಿಗೆ ಹಾಕುತ್ತಿರಲಿಲ್ಲ. ಕಂಪ್ಯೂಟರಿಗೆ ಅದು ಗೊತ್ತಿಲ್ಲ, ಗಡಿಯಾರ, ಮೆನು ಎಲ್ಲ ಅಂಚಿನಲ್ಲೇ ಇಡುತ್ತದೆ. ಕ್ಯಾಲಿಬ್ರೇಷನ್‌ನಲ್ಲಿ ಮೂಲೆಯ ಬಾಣಗಳನ್ನು ಒಳಗೆ ತನ್ನಿ. ಸಬ್‌ಟೈಟಲ್ ಎಲ್ಲಿ ಬರಬೇಕು ಅನ್ನುವುದನ್ನೂ ಅಲ್ಲೇ ಮೇಲಕ್ಕೆ ಎತ್ತಿ.

ಒಂದೇ ಮೆನು ಗಂಟೆಗಟ್ಟಲೆ ನಿಂತರೆ ಪಿಕ್ಚರ್ ಟ್ಯೂಬಿನ ಮೇಲೆ ಅದರ ಗುರುತು ಉಳಿಯಬಹುದು. ಸ್ಕ್ರೀನ್‌ಸೇವರನ್ನು ಕಮ್ಮಿ ನಿಮಿಷಕ್ಕೆ ಇಡಿ.

ಚಿತ್ರ ಬಂತು, ಧ್ವನಿ ಇಲ್ಲ

ಇದು ತುಂಬ ಸಾಮಾನ್ಯ. ಹಾಡಿಗೆ ಧ್ವನಿ ಬರುತ್ತದೆ, ಕೆಲವು ಸಿನಿಮಾಗಳಿಗೆ ಮಾತ್ರ ಬರುವುದಿಲ್ಲ. ಆ ಸಿನಿಮಾಗಳ ಧ್ವನಿ ಡಾಲ್ಬಿ ಅಥವಾ ಡಿಟಿಎಸ್ ಆಗಿರುತ್ತದೆ. ಕಂಪ್ಯೂಟರ್ ಅದನ್ನು ಬಿಚ್ಚದೆ ಹಾಗೇ ಕಳಿಸಿದರೆ ಪುಟ್ಟ ಕನ್ವರ್ಟರಿಗೆ ಅದು ಅರ್ಥವಾಗುವುದಿಲ್ಲ. ಕೋಡಿಯ ಆಡಿಯೋ ಸೆಟಿಂಗ್ಸ್‌ನಲ್ಲಿ ಚಾನೆಲ್ ಸಂಖ್ಯೆ 2.0 ಮಾಡಿ, 'ಪಾಸ್‌ಥ್ರೂ' ಆಫ್ ಮಾಡಿ. ಆಮೇಲೆ ಎಲ್ಲವೂ ಸಾದಾ ಸ್ಟೀರಿಯೋ ಆಗಿ ಹೋಗುತ್ತದೆ.

ಮೋನೋ ಟಿವಿಗೆ ಬಿಳಿ ಪಿನ್ ಒಂದನ್ನೇ ಹಾಕಿದರೆ ಎಡಗಡೆಯ ಧ್ವನಿ ಮಾತ್ರ ಕೇಳುತ್ತದೆ. ಹಳೇ ಸ್ಟೀರಿಯೋ ಹಾಡುಗಳಲ್ಲಿ ಒಂದು ವಾದ್ಯ ಪೂರ್ತಿ ಬಲಗಡೆಯೇ ಇರುತ್ತದೆ, ಅದು ಮಾಯ. ವಿಂಡೋಸ್‌ನ ಆ್ಯಕ್ಸೆಸಿಬಿಲಿಟಿ ಸೆಟಿಂಗ್ಸ್‌ನಲ್ಲಿ 'ಮೋನೋ ಆಡಿಯೋ' ಇದೆ, ಆನ್ ಮಾಡಿ.

ಮನೆಯಲ್ಲಿ ಹಳೇ ಡೆಕ್ ಅಥವಾ ಆ್ಯಂಪ್ಲಿಫೈಯರ್ ಇದ್ದರೆ ಕೆಂಪು, ಬಿಳಿಯನ್ನು ಅದಕ್ಕೇ ಕೊಡಿ. ಟಿವಿಯ ಸ್ಪೀಕರಿಗಿಂತ ಎಷ್ಟೋ ಚೆನ್ನಾಗಿ ಕೇಳುತ್ತದೆ. 'ಆಕ್ಸ್' ಅಥವಾ 'ಟೇಪ್ ಇನ್' ಅಂತ ಬರೆದಲ್ಲಿ ಹಾಕಿ, 'ಫೋನೋ' ಅಂತ ಇರುವಲ್ಲಿ ಬೇಡ. ಅದು ರೆಕಾರ್ಡ್ ಪ್ಲೇಯರಿನ ತೀರ ಸಣ್ಣ ಸಿಗ್ನಲ್ಲಿಗೆ ಮಾಡಿದ್ದು, ಧ್ವನಿ ಒಡೆದು ಕಿರಿಚುತ್ತದೆ.

ಹಿನ್ನೆಲೆಯಲ್ಲಿ ಗುಂಯ್ ಅನ್ನುವ ಶಬ್ದ ನಿಲ್ಲದಿದ್ದರೆ ಎಲ್ಲ ಪ್ಲಗ್‌ಗಳನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಆಮೇಲೆ ಕೇಬಲ್ ಟಿವಿ ವೈರನ್ನು ಒಮ್ಮೆ ಕಿತ್ತು ನೋಡಿ. ಶಬ್ದ ನಿಂತರೆ ಕಾರಣ ಅದೇ. ಅರ್ತಿಂಗ್ ಪಿನ್ ಮುರಿದು ಹಾಕುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ, ಜೀವಕ್ಕೇ ಅಪಾಯ. ಆಡಿಯೋ ವೈರಿನ ನಡುವೆ ಹಾಕುವ ಗ್ರೌಂಡ್ ಲೂಪ್ ಐಸೊಲೇಟರ್ ಸಿಗುತ್ತದೆ.

ನಿಮ್ಮ ಫೈಲುಗಳೆಲ್ಲ ಕಾಣುತ್ತವೆ, ಒಟಿಟಿ ಮಾತ್ರ ಕಪ್ಪು ಪರದೆ ತೋರಿಸುತ್ತದೆ ಅಂದರೆ ಅದು ಎಚ್‌ಡಿಸಿಪಿ ಅನ್ನುವ ನಕಲು ತಡೆ. ವೈರ್ ಬದಲಾಯಿಸಿದರೆ ಸರಿಹೋಗುವ ವಿಷಯ ಅದಲ್ಲ.

ಟಿವಿ ರಿಮೋಟಿನಿಂದ ಕಂಪ್ಯೂಟರ್ ನಡೆಸಲು ಹಳೇ ಟಿವಿಯಲ್ಲಿ ಆಗುವುದಿಲ್ಲ. ಕೋಡಿಯವರದೇ 'ಕೋರೆ' ಅನ್ನುವ ಆ್ಯಪ್ ಆಂಡ್ರಾಯ್ಡ್ ಫೋನಿಗಿದೆ. ಮನೆಯ ವೈಫೈ ಒಂದೇ ಆಗಿದ್ದು, ಕೋಡಿಯಲ್ಲಿ ರಿಮೋಟ್ ಕಂಟ್ರೋಲಿಗೆ ಅನುಮತಿ ಕೊಟ್ಟರೆ ಫೋನೇ ರಿಮೋಟ್. ಆದರೆ ಹಿರಿಯರಿಗೆ ಗುಂಡಿ ಇರುವ ಯುಎಸ್‌ಬಿ ರಿಮೋಟೇ ಹಿತ.

ಆಂಟೆನಾ ತೂತು ಒಂದೇ ಇದ್ದರೆ

ಆಗ ಬೇಕಾಗುವುದು ಆರ್‌ಎಫ್ ಮಾಡ್ಯುಲೇಟರ್. ಕನ್ವರ್ಟರಿನಿಂದ ಬಂದ ಎವಿಯನ್ನು ಅದು ಒಂದು ಚಾನೆಲ್ ಆಗಿ ಮಾಡಿ ಆಂಟೆನಾ ವೈರಿಗೆ ಕೊಡುತ್ತದೆ. ಡಬ್ಬಿಯ ಮೇಲೆ 3 ಅಥವಾ 4 ಅಂತ, ಇಲ್ಲವೇ 21ರಿಂದ 69ರವರೆಗಿನ ಚಾನೆಲ್ ಬರೆದಿರುತ್ತದೆ. ಟಿವಿಯಲ್ಲಿ ಖಾಲಿ ಚಾನೆಲ್ ತೆಗೆದು, ಚಿತ್ರ ಸಿಗುವವರೆಗೆ ಟ್ಯೂನ್ ಮಾಡಿ. ಚಿತ್ರ ಚೆನ್ನಾಗಿ ಬಂದು ಧ್ವನಿಯ ಜಾಗದಲ್ಲಿ ಬರೀ ಗೊರಗೊರ ಬಂದರೆ ಧ್ವನಿಯ ಅಂತರ ಹೊಂದಿಲ್ಲ. ನಮ್ಮದು ಪಾಲ್ ಬಿ-ಜಿ, ಚಿತ್ರದಿಂದ ಧ್ವನಿ 5.5 ಮೆಗಾಹರ್ಟ್ಸ್ ದೂರ. ಬ್ರಿಟನ್ನಿನಲ್ಲಿ 6, ಚೀನಾದಲ್ಲಿ 6.5. ಮಾಡ್ಯುಲೇಟರಿನಲ್ಲೋ ಟಿವಿಯ ಮೆನುವಿನಲ್ಲೋ ಬಿ-ಜಿ ಆರಿಸಿ.

ಕೆಲಸ ಮಾಡುವ ವಿಸಿಆರ್ ಮನೆಯಲ್ಲಿದ್ದರೆ ಮಾಡ್ಯುಲೇಟರ್ ಕೊಳ್ಳುವುದೇ ಬೇಡ. ಎವಿಯನ್ನು ವಿಸಿಆರಿನ ಇನ್‌ಗೆ ಕೊಟ್ಟು, ಅದರ ಆರ್‌ಎಫ್ ಔಟಿನಿಂದ ಟಿವಿಗೆ ವೈರ್ ಎಳೆಯಿರಿ, ವಿಸಿಆರನ್ನು 'ಲೈನ್' ಅಥವಾ 'ಎವಿ'ಗೆ ಇಡಿ. ವಿಸಿಪಿಯಾದರೆ ಇದು ಸಾಮಾನ್ಯವಾಗಿ ಆಗುವುದಿಲ್ಲ, ರೆಕಾರ್ಡ್ ಮಾಡದ ಯಂತ್ರಕ್ಕೆ ಒಳಗೆ ತೆಗೆದುಕೊಳ್ಳುವ ತೂತು ಇರುವುದಿಲ್ಲ.

ಉಲ್ಟಾ ದಾರಿ: ವಿಡಿಯೋ ಕ್ಯಾಸೆಟ್ ಕಂಪ್ಯೂಟರಿಗೆ

ವಿಸಿಆರ್ ಹೊರತೆಗೆದಿರಿ ಅಂದರೆ ಮದುವೆ, ಉಪನಯನದ ಕ್ಯಾಸೆಟ್‌ಗಳೂ ಹೊರಗೆ ಬರುತ್ತವೆ. ಅವನ್ನು ಈಗಲೇ ಕಂಪ್ಯೂಟರಿಗೆ ಇಳಿಸಿ. ಜಪಾನಿನ ಫುನಾಯಿ ಕಂಪನಿ 2016ರ ಜುಲೈನಲ್ಲಿ ವಿಸಿಆರ್ ಮಾಡುವುದನ್ನು ನಿಲ್ಲಿಸಿದ ಮೇಲೆ ಹೊಸ ಯಂತ್ರ ಬರುತ್ತಿಲ್ಲ. ಇರುವ ಯಂತ್ರಗಳ ರಬ್ಬರ್ ಬೆಲ್ಟು, ಹೆಡ್ಡು ಸವೆಯುತ್ತಲೇ ಇವೆ.

ಮಲೆನಾಡು, ಕರಾವಳಿಯ ಮನೆಗಳಲ್ಲಿ ಮೊದಲು ನೋಡಬೇಕಾದ್ದು ಬೂಷ್ಟು. ಕ್ಯಾಸೆಟ್ಟಿನ ಗಾಜಿನಂಥ ಕಿಂಡಿಯಲ್ಲಿ ಸುರುಳಿಯ ಮೇಲೆ ಬೆಳ್ಳನೆ ಪುಡಿ ಕಂಡರೆ ಆ ಕ್ಯಾಸೆಟ್ ಹಾಕಲೇಬೇಡಿ. ಬೂಷ್ಟು ಹೆಡ್ಡಿಗೆ ಅಂಟುತ್ತದೆ, ಅಲ್ಲಿಂದ ಮುಂದೆ ಹಾಕಿದ ಒಳ್ಳೆಯ ಕ್ಯಾಸೆಟ್ಟಿಗೂ ಹರಡುತ್ತದೆ. ಅಂಥದ್ದನ್ನು ಬೇರೆ ಇಟ್ಟು, ಶುಚಿ ಮಾಡಲು ಬರುವವರಿಗೇ ಕೊಡಿ. ಒಳ್ಳೆಯ ಕ್ಯಾಸೆಟ್ಟನ್ನೂ ಮೊದಲು ಕೊನೆಯವರೆಗೆ ಓಡಿಸಿ, ತಿರುಗಿ ಸುತ್ತಿ, ಆಮೇಲೆ ಪ್ಲೇ ಮಾಡಿ. ವರ್ಷಗಟ್ಟಲೆ ಸುಮ್ನೆ ಕೂತ ಟೇಪಿನ ಬಿಗಿ ಇದರಿಂದ ಸಮ ಆಗುತ್ತದೆ.

ವಿಸಿಆರಿನ ಎವಿ ಔಟಿನಿಂದ ಯುಎಸ್‌ಬಿ ಕ್ಯಾಪ್ಚರ್ ಕಾರ್ಡಿಗೆ, ಅಲ್ಲಿಂದ ಕಂಪ್ಯೂಟರಿಗೆ. ಸಾಫ್ಟ್‌ವೇರಿಗೆ ಒಬಿಎಸ್ ಸಾಕು, ಅದೂ ಉಚಿತ. ಫಾರ್ಮ್ಯಾಟ್ ಪಾಲ್, ಅಳತೆ 720x576, ಸೆಕೆಂಡಿಗೆ 25 ಚಿತ್ರ ಅಂತ ನೀವೇ ಆರಿಸಿ, ಆಟೋಗೆ ಬಿಡಬೇಡಿ. 1080ಕ್ಕೆ ಏರಿಸುವುದರಿಂದ ಏನೂ ಲಾಭವಿಲ್ಲ. ವಿಎಚ್‌ಎಸ್ ಅಂದರೆ ಈ ಮಾಮೂಲಿ ವಿಡಿಯೋ ಕ್ಯಾಸೆಟ್ಟಿನ ಟೇಪಿನಲ್ಲಿ ಅಡ್ಡಕ್ಕೆ ಇರುವುದೇ 240 ಗೆರೆಯಷ್ಟು ವಿವರ. ಅಲುಗಾಡುವಾಗ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಕಂಡರೆ 'ಡಿಇಂಟರ್‌ಲೇಸ್' ಆನ್ ಮಾಡಿ. ಧ್ವನಿ ನಿಧಾನಕ್ಕೆ ತುಟಿಯಿಂದ ಹಿಂದೆ ಬೀಳುತ್ತಾ ಹೋದರೆ ಟೇಪಿನ ಸಿಗ್ನಲ್ ಸ್ಥಿರವಾಗಿಲ್ಲ, ಕಾರ್ಡು ಚಿತ್ರಗಳನ್ನು ಬಿಡುತ್ತಿದೆ. ವಿಸಿಆರಿನ ಟ್ರ್ಯಾಕಿಂಗ್ ಹೊಂದಿಸಿ. ಯಾರ ಮನೆಯಲ್ಲಾದರೂ ಡಿವಿಡಿ ರೆಕಾರ್ಡರ್ ಇದ್ದರೆ ನಡುವೆ ಅದನ್ನು ಹಾಕಿ, ಸಿಗ್ನಲ್ ಎಷ್ಟೋ ಗಟ್ಟಿಯಾಗುತ್ತದೆ.

ಅಮೆರಿಕದಲ್ಲಿರುವ ಮಕ್ಕಳಿಗೆ ಕ್ಯಾಸೆಟ್ಟನ್ನೇ ಕಳಿಸುವ ಯೋಚನೆ ಇದ್ದರೆ ಬಿಡಿ. ಅಲ್ಲಿಯ ಮಾಮೂಲಿ ವಿಸಿಆರ್ ಎನ್‌ಟಿಎಸ್‌ಸಿ, ನಮ್ಮ ಟೇಪು ಅದರಲ್ಲಿ ನೆಟ್ಟಗೆ ಓಡುವುದಿಲ್ಲ. ಇಲ್ಲೇ ಇಳಿಸಿ ಫೈಲ್ ಕಳಿಸಿ. ಇ-180 ಕ್ಯಾಸೆಟ್ ಅಂದರೆ 3 ಗಂಟೆ. ಡಿವಿ ಫಾರ್ಮ್ಯಾಟಿನಲ್ಲಿ ಗಂಟೆಗೆ ಸುಮಾರು 13 ಜಿಬಿ ಬೇಕು, ಫೈಲನ್ನು ಇನ್ನೂ ಒತ್ತಿ ಚಿಕ್ಕದು ಮಾಡುವ ಎಚ್.264ರಲ್ಲಿ ಪೂರ್ತಿ ಕ್ಯಾಸೆಟ್ 7 ಜಿಬಿಯ ಆಸುಪಾಸಿಗೆ ಮುಗಿಯುತ್ತದೆ. ಫೈಲನ್ನು ಮೊದಲಿನಿಂದ ಕೊನೆಯವರೆಗೆ ನೋಡಿ, ಎರಡು ಬೇರೆ ಡಿಸ್ಕಿನಲ್ಲಿ ನಕಲು ಇಟ್ಟ ಮೇಲೂ ಕ್ಯಾಸೆಟ್ಟನ್ನು ಎಸೆಯಬೇಡಿ. ನಿಲ್ಲಿಸಿದ ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ, ತೇವ ಇಲ್ಲದ ಕಪಾಟಿನಲ್ಲಿ ಇಡಿ.